ಬೇಡವೆಂದರೂ ಬಿಡದ ಸೇವಾ ಸಂಘ

ಶಾಲೆಯ ಹುಡುಗರ ಕೈಗೆ ಸಲಿಕೆ, ಬುಟ್ಟಿ ಕೊಟ್ಟು "ಹೋಗ್ರಿ, ಊರು ಉದ್ಧಾರ ಮಾಡಿ ಬರ್ರಿ" ಎಂದು ಕಳಿಸಿದ ಮೇಲೆ ಏನಾದರೊಂದು ಆಗದೆ ಇರುವುದಿಲ್ಲ. ಊರು ಉದ್ಧಾರವಾಗುವುದೂ ಉಂಟು. ಆದರೆ ಅದಕ್ಕೂ ಮೊದಲು ಬೇರೇನೋ ಆಗಿ, ಊರೆಲ್ಲ ನಕ್ಕು ಮುಗಿದಿರುತ್ತದೆ.

ನಾನು ವಿಜ್ಞಾನದ ಮಾಸ್ತರ. ನೌಕರಿಯ ಬಹುಪಾಲು ಬಸವಕಲ್ಯಾಣ, ಹುಮನಾಬಾದ್ ಈ ಎರಡು ಊರುಗಳ ಹೈಸ್ಕೂಲುಗಳಲ್ಲೇ ಕಳೆಯಿತು. ಅರವತ್ತರ ದಶಕದಲ್ಲಿ ಬಸವಕಲ್ಯಾಣದಲ್ಲಿ ಕೆಲಸಕ್ಕೆ ಸೇರಿದ ದಿನ ಹೆಡ್‌ಮಾಸ್ತರರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗ ಲಗ್ನ ಆಗ್ಯಾದೇನ್ರಿ?" ಎಂದು ಕೇಳಿದರು.

"ಇನ್ನೂ ಇಲ್ರಿ" ಎಂದೆ.

"ಭಾಳ ಛಲೋ ಆತು. ಹಂಗಾದ್ರ ಐತವಾರ ನಿಮಗ ಏನೂ ಕೆಲಸ ಇರೂದಿಲ್ಲ. ಹುಡುಗರ ಸೇವಾ ಸಂಘ ನೀವ ನೋಡ್ಕೊಳ್ರಿ."

ಮುಂದೆ ಲಗ್ನವಾಯಿತು, ಮಕ್ಕಳಾದರು, ಊರಿಂದೂರಿಗೆ ವರ್ಗವೂ ಆಯಿತು. ಐತವಾರ ಮಾತ್ರ ವಾಪಸ್ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ. ಮನೆಯಲ್ಲಿ ಕೂತಿದ್ದರೆ ಇಷ್ಟು ನಗು ಎಲ್ಲಿಂದ ಬರುತ್ತಿತ್ತು?

ಹಿರಿಯರಿಗೆ ಹೊಗೆ

ಮೊದಲ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಸವಕಲ್ಯಾಣದಲ್ಲಿ ಸೊಳ್ಳೆಗಳ ಕಾಟ ವಿಪರೀತವಾಯಿತು. ಸಂಘದಿಂದ ಒಂದು ಮೆರವಣಿಗೆ ಮಾಡೋಣ, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿರೆಂದು ಜನರಿಗೆ ಹೇಳೋಣ ಎಂದು ತೀರ್ಮಾನವಾಯಿತು. ಅದೊಂದಕ್ಕೇ ಬೀದಿ ಸುತ್ತುವುದೇಕೆ ಎಂದು ಹೆಡ್‌ಮಾಸ್ತರರು ಇನ್ನೆರಡು ಒಳ್ಳೆಯ ಮಾತು ಸೇರಿಸಿದರು. ಮುಂದೆ ನಡೆಯುವ ನಾಯಕ ಅರ್ಧ ಕೂಗಬೇಕು, ಹಿಂದಿನವರು ಉಳಿದರ್ಧ ಕೂಗಬೇಕು.

"ಮಕ್ಕಳಿಗೆ..." "ಅಕ್ಷರ ಕಲಿಸಿ!"

"ಹಿರಿಯರಿಗೆ..." "ಗೌರವ ಕೊಡಿ!"

"ಸೊಳ್ಳೆಗಳಿಗೆ..." "ಹೊಗೆ ಹಾಕಿ!"

ನಾಯಕ ಹತ್ತನೆಯ ತರಗತಿಯವನು. ಅವನ ಗಂಟಲು ಹೇಗಿತ್ತೆಂದರೆ, ಅವನು ಹಾಜರಿ ಹೇಳಿದರೆ ಪಕ್ಕದ ತರಗತಿಯ ಮಾಸ್ತರರು ಗುರುತು ಹಾಕಿಕೊಳ್ಳುತ್ತಿದ್ದರು. ಮೆರವಣಿಗೆ ಬಜಾರಿನವರೆಗೆ ಬಹಳ ಚೆಂದ ನಡೆಯಿತು. ಅಲ್ಲಿ ಒಂದು ಟಾಂಗಾ ಧೂಳೆಬ್ಬಿಸಿಕೊಂಡು ಹೋಯಿತು. ನಾಯಕನಿಗೆ ಕೆಮ್ಮು ಬಂತು. ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ಎಲ್ಲಿದ್ದೆನೆಂಬುದು ಮರೆತು, ಆಗಲೇ ಕೂಗಿದ್ದ "ಹಿರಿಯರಿಗೆ" ಎಂಬುದನ್ನೇ ಇನ್ನೊಮ್ಮೆ ಕೂಗಿದ.

ಹಿಂದಿನವರು ನಾಯಕನ ಅರ್ಧವನ್ನು ಕೇಳುತ್ತಲೇ ಇರಲಿಲ್ಲ. ತಮ್ಮ ಪಾಲಿನದನ್ನು ಸರದಿಯ ಪ್ರಕಾರ ಬಾಯಿಪಾಠ ಮಾಡಿದ್ದರು.

"ಹಿರಿಯರಿಗೆ..." "ಹೊಗೆ ಹಾಕಿ!"

"ಸೊಳ್ಳೆಗಳಿಗೆ..." "ಅಕ್ಷರ ಕಲಿಸಿ!"

ಮೆರವಣಿಗೆಯ ಬಾಲದಲ್ಲಿದ್ದ ನಾನು "ನಿಲ್ಲಿಸ್ರೋ" ಎಂದು ಕೂಗುತ್ತ ಓಡಿದೆ. ಹುಡುಗರು, ಮಾಸ್ತರರಿಗೂ ಹುರುಪು ಬಂದಿದೆ ಎಂದುಕೊಂಡು ಇನ್ನೂ ಜೋರಾಗಿ ಕೂಗಿದರು. ಅಷ್ಟರಲ್ಲಿ ಮೆರವಣಿಗೆ ಊರ ಹಿರಿಯರೆಲ್ಲ ಕೂರುವ ಕಟ್ಟೆಯ ಮುಂದೆ ಬಂದಿತ್ತು. ಎಲ್ಲರೂ ಬೆಕ್ಕಸಬೆರಗಾಗಿ ನೋಡುತ್ತಿದ್ದರು. ಅವರಲ್ಲಿ ಅತಿ ಹಿರಿಯರಾದ ಒಬ್ಬ ಮುತ್ಯಾ ನಾಯಕನನ್ನು ಕೈಸನ್ನೆ ಮಾಡಿ ಕರೆದರು.

"ತಮ್ಮಾ, ಹೊಗಿ ಹಾಕೂ ತ್ರಾಸ ನೀವು ಯಾಕ ತಗೋತೀರಿ? ಹೊಗಿ ನಾವ ಬಿಡ್ತೀವಿ. ಬೀಡಿ ಅಷ್ಟ ಕೊಡ್ರಿ."

ಕಿರಾಣಿ ಮುತ್ಯಾ ಹೋದ

ಸಂಘದವರು ಶಾಲೆಯಿಂದ ಕೋಟೆಯ ಕಡೆ ಹೋಗುವ ದಾರಿಯುದ್ದಕ್ಕೂ ಬೇವಿನ ಸಸಿ ನೆಟ್ಟರು. ಊರ ಆಡುಗಳು ಅವನ್ನು ತಿಂದು ಮುಗಿಸಿದವು. ಮತ್ತೆ ನೆಟ್ಟರೆ ಮತ್ತೆ ತಿಂದವು. ಮುಳ್ಳಿನ ಬೇಲಿ ಕಟ್ಟಿದರೆ ಮುಳ್ಳು ಯಾರದೋ ಒಲೆಗೆ ಹೋಯಿತು. ಆಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು:

"ಸರ್, ಈ ಗಿಡಕ್ಕ ಹಿಂದ ಮುಂದ ಯಾರೂ ಇಲ್ಲ, ಅದಕ್ಕ ಆಡು ತಿನ್ನಾಕತ್ತಾವ. ಒಂದೊಂದು ಗಿಡಕ್ಕ ಆ ಓಣಿ ಮುತ್ಯಾಂದು ಹೆಸರಿಡೋಣು. ತನ್ನ ಹೆಸರಿನ ಗಿಡ ಆಡು ತಿಂತಂದ್ರ ಯಾವ ಮುತ್ಯಾ ಸುಮ್ಮ ಕೂಡ್ತಾನ್ರಿ?"

ಆ ಹುಡುಗಿಯ ಮಾತು ಸುಳ್ಳಾಗಲಿಲ್ಲ. ಹೆಸರಿಟ್ಟ ಮರುದಿನದಿಂದಲೇ ಪ್ರತಿ ಸಸಿಯ ಪಕ್ಕದಲ್ಲಿ ಒಬ್ಬ ಮುದುಕ ಕೋಲು ಹಿಡಿದು ಕೂತ. ಟಾಂಗಾ ಹೊಡೆಯುವವನದು ಟಾಂಗಾ ಮುತ್ಯಾ, ಅಂಚೆ ಹಂಚಿ ನಿವೃತ್ತನಾದವನದು ಟಪ್ಪಾಲ ಮುತ್ಯಾ, ಅಂಗಡಿಯವನದು ಕಿರಾಣಿ ಮುತ್ಯಾ. ಅವರೊಳಗೆ ಸ್ಪರ್ಧೆ ಹುಟ್ಟಿತು. "ನಂದಕ್ಕ ಹೊಸ ಚಿಗುರು ಬಂದದ, ನಿಂದ್ಯಾಕ ಸಪ್ಪಗ ನಿಂತದ?" ಎಂದು ಒಬ್ಬರನ್ನೊಬ್ಬರು ಕೆಣಕುವರು. ಹುಡುಗರ ವರದಿಯೂ ಅದೇ ಭಾಷೆಯಲ್ಲಿ ಬರತೊಡಗಿತು. "ಸರ್, ಟಾಂಗಾ ಮುತ್ಯಾ ಬಾಡ್ಯಾನ, ಒಂದು ಕೊಡ ನೀರು ಹಾಕಬೇಕು." "ಟಪ್ಪಾಲ ಮುತ್ಯಾ ವಾಲ್ಯಾನ, ಕೋಲು ಕಟ್ಟಬೇಕು." ಕೇಳಿ ಕೇಳಿ ನನಗೂ ರೂಢಿಯಾಗಿತ್ತು.

ಒಂದು ದಿನ ಕಿರಾಣಿ ಮುತ್ಯಾ ನೆಂಟರ ಊರಿಗೆ ಹೋಗಿದ್ದ. ಕಾವಲು ತಪ್ಪಿದ್ದನ್ನು ಯಾವ ಆಡು ನೋಡಿತೋ. ನಮ್ಮ ಹುಡುಗನೊಬ್ಬ ಬೋಳಾದ ಸಸಿಯನ್ನು ಕಂಡು, ಬಜಾರಿನ ನಡುವೆ ಅಳುತ್ತ ಶಾಲೆಯ ಕಡೆ ಓಡಿ ಬಂದ.

"ಕಿರಾಣಿ ಮುತ್ಯಾ ಹೋದ್ರೀ! ಕಿರಾಣಿ ಮುತ್ಯಾ ಹೋದ!"

ಅಕ್ಕಪಕ್ಕದ ಅಂಗಡಿಯವರು ಬಾಗಿಲು ಎಳೆದುಕೊಂಡರು. "ನಿನ್ನಿ ಅಷ್ಟ ಮಾತಾಡಿದ್ದ" ಎಂದು ಒಬ್ಬರು, "ಛಲೋ ಮನುಷ್ಯಾ, ತೂಕದಾಗ ಎಂದೂ ಮೋಸ ಮಾಡಿಲ್ಲ" ಎಂದು ಇನ್ನೊಬ್ಬರು. ಮುತ್ಯಾನ ಅಂಗಡಿ ಮುಂದೆ ಜನ ಸೇರಿತು. ಸೊಸೆ ಅಡುಗೆಮನೆಯಿಂದ ಹೊರಗೆ ಬಂದು, ಏನಾಯಿತೆಂದು ಕೇಳುವ ಮೊದಲೇ ಗುಂಪು ನೋಡಿ ಅತ್ತಳು. ಆಗಲೇ ಬಸ್ಸಿಳಿದು ಕೈಚೀಲ ಹಿಡಿದುಕೊಂಡು ಬಂದ ಮುತ್ಯಾ ಗುಂಪಿನ ಹಿಂದೆ ನಿಂತು, ಪೇಟ ತೆಗೆದು, ಬಹಳ ದುಃಖದಿಂದ ಕೇಳಿದ:

"ಯಾರು ಹೋದ್ರೋ ಪಾ?"

ಮುಂದಿದ್ದವನು ತಿರುಗಿ ನೋಡದೆ, "ನಮ್ಮ ಕಿರಾಣಿ ಮುತ್ಯಾ" ಎಂದ.

ತಿರುಗಿದ ಮೇಲೆ ಅವನು ಕೂಗಿದ್ದನ್ನು ಇಲ್ಲಿ ಬರೆಯುವುದು ಬೇಡ. ನಾನು ಓಡೋಡಿ ಬಂದು, ಹೋದದ್ದು ಗಿಡ, ತಿಂದದ್ದು ಆಡು ಎಂದು ಬಿಡಿಸಿ ಹೇಳಿದೆ. ಎಲ್ಲರೂ ನಕ್ಕರು. ಮುತ್ಯಾ ಒಬ್ಬನೇ ನಗಲಿಲ್ಲ. ಆಡಿನ ಮಾಲಕ ಬಂದು, "ತಪ್ಪಾತು ಮುತ್ಯಾ" ಎಂದು ಕೈಮುಗಿದ. ಮುತ್ಯಾ ಕಣ್ಣೊರೆಸಿಕೊಂಡು ಹೇಳಿದ:

"ನಾ ಹ್ಯಾಂಗೂ ಹೋಗಾಂವ, ನಿನ್ನ ಆಡು ನನ್ನ ತಿಂದಿದ್ರ ನಡೀತಿತ್ತು. ಚಿಗುರಾಕತ್ತಿದ ಗಿಡ ಯಾಕ ತಿಂತೋ?"

ಪೆಟ್ಟಾಗದವನಿಗೆ ಪಟ್ಟಿ

ಎಪ್ಪತ್ತರ ದಶಕದಲ್ಲಿ ಹುಮನಾಬಾದಿಗೆ ವರ್ಗವಾಯಿತು. ಅಲ್ಲಿಯೂ ಸಂಘ ನನ್ನ ಕೊರಳಿಗೇ ಬಿತ್ತು. ಒಬ್ಬ ಕಂಪೌಂಡರ್ ಬಂದು ಹುಡುಗರಿಗೆ ಪ್ರಥಮ ಚಿಕಿತ್ಸೆ ಕಲಿಸಿದರು. ಕಲಿತ ವಿದ್ಯೆಯನ್ನು ತೋರಿಸದೆ ಇಟ್ಟುಕೊಳ್ಳುವ ವಯಸ್ಸಲ್ಲ. ಆದರೆ ಗಾಯಾಳು ಸಿಗಬೇಕಲ್ಲ? ಎರಡು ವಾರ ಕಾದರೂ ಊರಲ್ಲಿ ಒಬ್ಬನೂ ಜಾರಿ ಬೀಳಲಿಲ್ಲ. ಕಡೆಗೆ ತಮ್ಮಲ್ಲೇ ಒಬ್ಬನನ್ನು ಗಾಯಾಳು ಮಾಡಿದರು. ತಲೆಗೆ ಪಟ್ಟಿ, ಕೈಗೆ ಪಟ್ಟಿ, ಕಾಲಿಗೆ ಹಲಗೆ ಕಟ್ಟಿ ಪಟ್ಟಿ. ಖರೇ ಕಾಣಲಿ ಎಂದು ಅಲ್ಲಲ್ಲಿ ಕೆಂಪು ಶಾಯಿ. ಎರಡು ಬಿದಿರಿಗೆ ಕಂಬಳಿ ಕಟ್ಟಿ, ಅದರ ಮೇಲೆ ಅವನನ್ನು ಮಲಗಿಸಿ, "ಅಭ್ಯಾಸಕ್ಕ ಒಂದು ಸುತ್ತು ಹೊಡೆದು ಬರ್ತೀವಿ ಸರ್" ಎಂದು ಸಂತೆಯ ದಿನವೇ ಹೊರಟರು.

ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುತ್ತಿದ್ದ ಅವನ ತಾಯಿ, ಪಟ್ಟಿಯ ನಡುವೆ ಕಾಣುತ್ತಿದ್ದ ಮೂಗಿನಿಂದಲೇ ಮಗನನ್ನು ಗುರುತಿಸಿದಳು.

"ಯವ್ವಾ! ನನ್ನ ಮಗಾ!" ಎಂದು ಬುಟ್ಟಿ ಚೆಲ್ಲಿ ಓಡಿ ಬಂದಳು.

ಹೊತ್ತವರು ಗಾಬರಿಯಾದರೂ ಪಾಠ ಮರೆಯಲಿಲ್ಲ. ಗಾಯಾಳುವಿನ ಸುತ್ತ ಜನ ಸೇರದಂತೆ ನೋಡಿಕೊಳ್ಳಬೇಕು ಎಂದು ಕಂಪೌಂಡರ್ ಹೇಳಿದ್ದರು. ಹೀಗಾಗಿ ಓಡತೊಡಗಿದರು. ಹಿಂದೆ ತಾಯಿ, ಅವಳ ಹಿಂದೆ ಅರ್ಧ ಸಂತೆ. ಕಂಬಳಿಯಲ್ಲಿದ್ದವನಿಗೆ ತಾಯಿಯ ದನಿ ಹತ್ತಿರ ಬಂದದ್ದು ಕೇಳಿತು. ಅವಳ ಕೈಗೆ ಸಿಕ್ಕರೆ ಖರೇ ಪೆಟ್ಟಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಟಣ್ಣನೆ ಜಿಗಿದು, ಕಾಲಿನ ಹಲಗೆ ಸಮೇತ ಹೊತ್ತವರಿಗಿಂತ ಮುಂದೆ ಓಡಿದ. ಸಂತೆಯ ಜನ ಅಲ್ಲೇ ನಿಂತು ದೇವರಿಗೆ ಕೈಮುಗಿದರು.

ಶಾಲೆಯ ಗೇಟಿನಲ್ಲಿ ತಾಯಿ ಅವನನ್ನು ಹಿಡಿದಳು. ನಾನು ನಡುವೆ ಹೋಗಿ, "ಅವ್ವಾ, ಗಾಬರಿ ಆಗಬ್ಯಾಡ್ರಿ. ಇದು ನಾಟಕದಂಗ ಅಷ್ಟ. ಹುಡುಗನ ಕೈಕಾಲು ಎಲ್ಲಾ ಗಟ್ಟಿ ಅದಾವ" ಎಂದೆ.

ಆಕೆ ಮಗನ ಕಿವಿ ಬಿಡದೆ ಅವನನ್ನೇ ಕೇಳಿದಳು:

"ಕಾಲು ಗಟ್ಟಿ ಅದಾವಂದ್ರ, ಮುಂಜಾನಿ ನೀರು ತಾ ಅಂದಾಗ ಕಾಲು ನೋಯ್ತಾವ ಅಂತ ಯಾಕಂದಿ?"

ಓದು ಬಂದ ಆಯಿ

ಅದೇ ಊರಿನಲ್ಲಿ ನಮ್ಮ ಸಂಘದ ಹುಡುಗಿಯರು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಓಣಿಯ ಹೆಂಗಸರಿಗೆ ಓದು ಕಲಿಸುತ್ತಿದ್ದರು. ವಯಸ್ಸಾದ ಒಬ್ಬ ಆಯಿ ಬಂದು ಮೊದಲ ದಿನವೇ ಕರಾರು ಹಾಕಿದಳು. ಅವಳ ಮಗಳನ್ನು ರಾಜೇಶ್ವರಕ್ಕೆ ಕೊಟ್ಟಿದ್ದರು. ಪ್ರತಿಸಲ ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸೆಂದು ಕಂಡಕಂಡವರನ್ನು ಕೇಳಬೇಕು, ಅವರು ಮುಖ ಗಂಟು ಹಾಕಿಕೊಂಡು ಹೇಳಬೇಕು.

"ನನಗ 'ರಾಜೇಶ್ವರ' ಅಷ್ಟ ಕಲಸ್ರಿ. ಉಳದ ಅಕ್ಷರ ನೀವ ಇಟ್ಕೊಳ್ರಿ."

ಹುಡುಗಿಯರು ಕಲಿಸಿದರು. ಆಯಿಗೆ ಎಲ್ಲ ಬಂತು. ಶ್ವ ಮಾತ್ರ ತಲೆಗೆ ಹೋಗಲಿಲ್ಲ. "ಶ ದ ಕೆಳಗ ಇದು ಯಾಕ ಜೋತುಬಿದ್ದದ?" ಎಂದು ಕೇಳಿದಳು. ಕಲಿಸುತ್ತಿದ್ದ ಹುಡುಗಿ, "ಅದು ವ ಆಯಿ. ಮ್ಯಾಲ ಜಾಗ ಇಲ್ಲ, ಸೊಸಿ ಹಂಗ ಕೆಳಗ ಕುಂತದ" ಎಂದಳು. ಅವತ್ತಿಂದ ಆಯಿ ಶ್ವವನ್ನು ಮರೆಯಲಿಲ್ಲ.

ಕಲಿತ ಮೇಲೆ ಮೊದಲ ಪ್ರಯಾಣ. ಆಯಿಯನ್ನು ಬಸ್ ಹತ್ತಿಸಲು ಹುಡುಗಿಯರೆಲ್ಲ ಹೋದರು, ನನ್ನನ್ನೂ ಎಳೆದೊಯ್ದರು. ಆಯಿ ಯಾರನ್ನೂ ಕೇಳದೆ ಸಾಲಾಗಿ ನಿಂತ ಬಸ್ಸುಗಳನ್ನು ನೋಡುತ್ತ ನಡೆದು, ಒಂದರ ಮುಂದೆ ನಿಂತು ಅಕ್ಷರ ಅಕ್ಷರ ಬಿಡಿಸಿ ಓದಿ, ಹತ್ತಿ, ಕಿಟಕಿಯ ಪಕ್ಕ ಕೂತಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಕಂಡಕ್ಟರ್ ಬಂದ.

"ಎಲ್ಲಿಗಿ ಆಯಿ?"

"ರಾಜೇಶ್ವರ."

"ಇದು ಚಿಟಗುಪ್ಪಾಕ ಹೋಗ್ತದ. ಇಳೀರಿ."

"ಬೋರ್ಡಿನ್ಯಾಗ ರಾಜೇಶ್ವರ ಅಂತ ಅದ."

"ಬೋರ್ಡ್ ಬದಲಿ ಮಾಡಿಲ್ಲ ಆಯಿ. ಡ್ರೈವರ್ ಚಾ ಕುಡಿಯಾಕ ಹೋಗ್ಯಾನ."

ಆಯಿ ಅವನನ್ನು ಕನಿಕರದಿಂದ ನೋಡಿದಳು. "ತಮ್ಮಾ, ಓದಾಕ ಬರೂದಿಲ್ಲ ಅಂದ್ರ ನಾಚಬ್ಯಾಡ. ನನಗೂ ಬರ್ತಿದ್ದಿಲ್ಲ. ಮಧ್ಯಾಹ್ನ ಈ ಹುಡುಗ್ಯಾರ ಕಡೆ ಬಾ, ಪುಕ್ಕಟೆ ಕಲಸ್ತಾರ."

ಬಸ್ಸೆಲ್ಲ ನಕ್ಕಿತು. ಹುಡುಗಿಯರು ಹತ್ತಿ, "ಆಯಿ, ಅಂವ ಹೇಳೂದು ಖರೇ ಅದ, ಇಳೀರಿ" ಎಂದು ಬೇಡಿಕೊಂಡರು. ಆಯಿಗೆ ಈಗ ಸಿಟ್ಟು ಬಂತು. "ಇಷ್ಟು ದಿನ ನೀವ ಕಲಿಸಿ, ಈಗ ಓದಿದ್ದು ಸುಳ್ಳು ಅಂತೀರಿ? ಬೋರ್ಡ್ ಸುಳ್ಳೋ, ನೀವು ಸುಳ್ಳೋ?" ಕಡೆಗೆ ಡ್ರೈವರ್ ಚಹಾ ಅರ್ಧಕ್ಕೆ ಬಿಟ್ಟು ಬಂದು, ಬೋರ್ಡ್ ತೆಗೆದು ಚಿಟಗುಪ್ಪಾದ ಬೋರ್ಡ್ ಹಾಕಿದ. ಆಯಿ ಇಳಿದು, ಮುಂದೆ ಹೋಗಿ, ನೋಡಿ, "ಹಾಂ, ಈಗ ರಾಜೇಶ್ವರ ಇಲ್ಲ" ಎಂದು ಒಪ್ಪಿಕೊಂಡು ಬೇರೆ ಬಸ್ ಹತ್ತಿದಳು.

ಆಮೇಲೆ ಎಷ್ಟೋ ಕಾಲ ಆ ಸ್ಟ್ಯಾಂಡಿನಲ್ಲಿ, ದೂರದಿಂದ ಅವಳ ಸೀರೆ ಕಂಡರೆ ಸಾಕು, ಡ್ರೈವರುಗಳು ಚಹಾದಂಗಡಿಯಿಂದ ಎದ್ದು ಓಡುತ್ತಿದ್ದರು: "ಆಯಿ ಬಂದ್ಲು, ಬೋರ್ಡ್ ನೋಡ್ಕೋರೋ!"

ಬಾವಿಯ ಹೂಳು

ಮತ್ತೆ ಬಸವಕಲ್ಯಾಣಕ್ಕೆ ಬಂದ ಮೇಲಿನ ಮಾತು. ಬೇಸಿಗೆ ರಜೆಯಲ್ಲಿ ಮುಡಬಿಯ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ಸಂಘದ ಶಿಬಿರ. ಊರ ನಡುವೆ ಮೆಟ್ಟಿಲ ಬಾವಿ. ಹೂಳು ತುಂಬಿ ನೀರು ತಳ ಮುಟ್ಟಿತ್ತು. ಹೆಂಗಸರು ದೂರದ ಹೊಲದ ಬಾವಿಯಿಂದ ನೀರು ಹೊತ್ತು ತರುತ್ತಿದ್ದರು. ಹೂಳು ತೆಗೆದುಬಿಡೋಣ ಎಂದು ನಮ್ಮ ಹುಡುಗರು ಸಲಿಕೆ ಹಿಡಿದು ಹೋದರೆ, ಊರ ಗಂಡಸರು ಯಾರೂ ಮುಂದೆ ಬರಲಿಲ್ಲ. ಪಟೇಲರು ನನ್ನನ್ನು ಕೂರಿಸಿ ಸಮಾಧಾನ ಹೇಳಿದರು.

"ಬಾವಿ ಛಲೋನ ಅದ್ರಿ ಮಾಸ್ತರ."

"ನೀರು ಮೊಣಕಾಲಷ್ಟೂ ಇಲ್ಲಲ್ರಿ?"

"ಮೊಣಕಾಲು ತನಕ ಯಾಕ ಬೇಕ್ರಿ, ಕೊಡ ಮುಳುಗಿದ್ರ ಸಾಕು. ನಿಮಗ ಸೇವಾ ಮಾಡೂದ ಅದ ಅಂದ್ರ ಗುಡಿಗಿ ಸುಣ್ಣ ಹಚ್ರಿ. ಚಾವಡಿ ಕಸ ಹೊಡೀರಿ. ಬಾವಿಗಿ ಯಾಕ ಕೈ ಹಚ್ತೀರಿ?"

ನಮ್ಮ ಸಂಘದ ಆ ವರ್ಷದ ನಾಯಕ ಬೇಡವೆಂದರೆ ಬಿಡುವವನಲ್ಲ. "ಜನರಿಗಿ ತಿಳಿಯೂದಿಲ್ಲ ಸರ್, ಮಾಡಿ ತೋರ್ಸೋಣು" ಎಂದು ಇಳಿದೇಬಿಟ್ಟ. ಹುಡುಗರು ಕೆಳಗೆ ಅಗೆಯುವುದು, ಹುಡುಗಿಯರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಬುಟ್ಟಿ ದಾಟಿಸುವುದು. ಊರಲ್ಲಿ ನಮಗೆ ಹುರುಪು ತುಂಬಿದವನು ಒಬ್ಬನೇ. ಅವನು ಭಜನೆಯ ಮುತ್ಯಾ. ಬಾವಿಯ ದಂಡೆಯ ಮೇಲೆ ಕೂತು, ಕೈಯಿಂದ ತೊಡೆ ತಟ್ಟಿಕೊಂಡು ಹಾಡುತ್ತಿದ್ದ. ದನಿ ದೊಡ್ಡದು, ತಾಳಕ್ಕೂ ಹಾಡಿಗೂ ಸಂಬಂಧವಿರಲಿಲ್ಲ.

"ಕೈಯಾಗ ಝಾಂಜ ಇದ್ದಿದ್ರ ನೋಡಬೇಕಿತ್ರಿ ಮಾಸ್ತರ" ಎನ್ನುತ್ತಿದ್ದ. ಝಾಂಜ ಎಂದರೆ ತಟ್ಟೆಯಷ್ಟು ಅಗಲದ ಕಂಚಿನ ತಾಳಗಳ ಜೋಡಿ. "ದಿನಾ ನಸುಕಿನ್ಯಾಗ ಬಾರಿಸಿಕೊಂತ ಊರೆಲ್ಲಾ ತಿರಗ್ತಿದ್ದೆ. ಯಾವನೋ ಕಳ್ಳ ಒಯ್ದ. ಕೈ ಮುರದಂಗ ಆಗ್ಯಾದ."

ಎರಡನೆಯ ದಿನ ಹೂಳಿನಲ್ಲಿ ಒಂದು ತಾಮ್ರದ ತಂಬಿಗೆ ಸಿಕ್ಕಿತು. ನೋಡಲು ಬಂದಿದ್ದ ಹೆಂಗಸೊಬ್ಬಳು ಅದನ್ನು ತಿರುಗಿಸಿ, ತಳದ ತಗ್ಗು ನೋಡಿ, "ಇದು ನಮ್ಮತ್ತಿ ತಂಬಗಿ!" ಎಂದು ಚೀರಿದಳು. ಆ ತಂಬಿಗೆಯನ್ನು ಸೊಸೆ ತವರಿಗೆ ಸಾಗಿಸಿದಳೆಂದು ಅತ್ತೆ ವರ್ಷಗಟ್ಟಲೆ ಹಂಗಿಸಿದ್ದಳಂತೆ. ಕೆಸರು ಸೋರುವ ತಂಬಿಗೆ ಹಿಡಿದುಕೊಂಡೇ ಆಕೆ ಮನೆಗೆ ಓಡಿದಳು, ಓಣಿಯೆಲ್ಲ ಹಿಂದೆ ಓಡಿತು. ಅತ್ತೆ ತಂಬಿಗೆಯನ್ನು ಕೈಗೆ ತೆಗೆದುಕೊಂಡು, ಕಣ್ಣು ಮಿಟುಕಿಸದೆ ಹೇಳಿದಳು:

"ನಾ ಆವಾಗ್ಲೇ ಹೇಳಿದ್ದೆ, ಬಾವ್ಯಾಗ ಬಿದ್ದಿರಬೇಕು ಅಂತ."

ಇಷ್ಟಾದ ಮೇಲೆ ಊರ ಹೆಂಗಸರನ್ನು ತಡೆಯುವವರು ಯಾರು? ಒಬ್ಬಳ ಚಮಚ, ಒಬ್ಬಳ ಕಾಲುಂಗುರ, ಒಬ್ಬಳ ಕೊಡ, ಎಲ್ಲವೂ ಆ ಬಾವಿಯಲ್ಲೇ ಇರಬೇಕು. ಅವರು ಇಳಿದರು. ಗಂಡಂದಿರನ್ನೂ ಇಳಿಸಿದರು. ಗಂಡಸರು ಅಗೆಯುತ್ತಿದ್ದರು, ಆದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಪಟೇಲರು ನಡುನಡುವೆ, "ಸಾಕಾತಲ್ರಿ, ನೀರು ಬಂತಲ್ರಿ" ಎನ್ನುತ್ತಿದ್ದರು.

ಆಗ ನಾಯಕನ ಸಲಿಕೆ 'ಠಣ್' ಎಂದಿತು. ಅವನು ಕೆಸರಿನಿಂದ ಒಂದು ದುಂಡನೆಯದನ್ನು ಎಳೆದು ತೆಗೆದ. ಗಂಡಸರ ಸಲಿಕೆಗಳು ಒಮ್ಮೆಲೇ ನಿಂತವು.

"ಹಳೇ ತಗಡು ಅದು ತಮ್ಮಾ, ಅತ್ಲಾಗ ಒಗಿ" ಎಂದರು ಪಟೇಲರು.

ನಾಯಕ ಅದನ್ನು ಚಡ್ಡಿಗೆ ಉಜ್ಜಿದ. ಕಂಚು ಫಳಫಳ ಹೊಳೆಯಿತು. ದಂಡೆಯ ಮೇಲಿದ್ದ ಭಜನೆಯ ಮುತ್ಯಾ, "ನನ್ನ ಝಾಂಜ!" ಎಂದು ಕೂಗಿ ಮೆಟ್ಟಿಲಿಳಿದು ಬಂದ. ಅದನ್ನು ಎದೆಗವಚಿಕೊಂಡು ಮಗುವಿನಂತೆ ಅತ್ತ. ಹುಡುಗಿಯರಿಗೂ ಕಣ್ಣೀರು ಬಂತು. ಅತ್ತು ಮುಗಿದ ಮೇಲೆ ಒಂದು ಕಲ್ಲಿನಿಂದ ಹೊಡೆದು ನೋಡಿದ. ಇಷ್ಟು ವರ್ಷ ಕೆಸರಲ್ಲಿದ್ದರೂ ದನಿ ಕಿಂಚಿತ್ತೂ ಕುಂದಿರಲಿಲ್ಲ. ಬಾವಿಯ ಪಾರಿವಾಳಗಳೆಲ್ಲ ಹಾರಿಹೋದವು. ಗಂಡಸರು ಮುಖ ಒರೆಸಿಕೊಂಡರು.

ಪಟೇಲರು ನನ್ನ ಕಿವಿಯಲ್ಲಿ ನಿಜ ಹೇಳಿದರು. "ಒಂದಿನ ನಸುಕಿನ್ಯಾಗ ಬಾವ್ಯಾಗ ಡಣ್ ಅಂತ ಸಪ್ಪಳಾತ್ರಿ. ಯಾರು ಒಗದ್ರು, ಯಾಕ ಒಗದ್ರು ಅಂತ ಊರಾಗ ಒಬ್ಬರೂ ಕೇಳಿಲ್ಲ. ಒಗದವರಿಗಿ ಪುಣ್ಯ ಬರ್ಲಿ ಅಂತ ಸುಮ್ಮನಾದ್ವಿ. ಅವತ್ತಿಂದ ಊರು ಬೆಳಕು ಹರಿಯೂ ತನಕ ನಿದ್ದಿ ಮಾಡಾಕತ್ತದ. ಪುಣ್ಯಕ್ಕ ಒಂದ ಸಿಕ್ಕದ. ಒಂದರಿಂದ ಏನು ಬಾರಿಸ್ತಾನ?"

ಅವರ ಮಾತು ಮುಗಿಯುವುದಕ್ಕಿಲ್ಲ, ನಾಯಕ ಮುತ್ಯಾನ ಹೆಗಲ ಮೇಲೆ ಕೈಯಿಟ್ಟು ಗಟ್ಟಿಯಾಗಿ ಸಾರಿದ:

"ಮುತ್ಯಾ, ಅಳಬ್ಯಾಡ್ರಿ. ನಮ್ಮ ಸಂಘ ಅರ್ಧ ಕೆಲಸ ಮಾಡೂದಿಲ್ಲ. ಇನ್ನೊಂದು ಸಿಗೂ ತನಕ ನಾವು ಈ ಊರು ಬಿಡೂದಿಲ್ಲ!"

ಹುಡುಗರು 'ಹೋ' ಎಂದು ಸಲಿಕೆ ಎತ್ತಿದರು. ಅಗೆದರು, ಬಂಡೆ ತಗಲುವ ತನಕ ಅಗೆದರು. ಬಂಡೆಯ ಸಂದಿನಿಂದ ತಣ್ಣನೆಯ ಸೆಲೆ ಚಿಮ್ಮಿತು. ಹೆಂಗಸರು ಆ ನೀರನ್ನು ಮುಖಕ್ಕೆ ಎರಚಿಕೊಂಡು ಕುಣಿದರು. ನೋಡನೋಡುತ್ತ ನೀರು ಸೊಂಟದವರೆಗೆ ಬಂತು. ಆದರೆ ಎರಡನೆಯ ತಾಳ ಸಿಗಲಿಲ್ಲ. "ನೀರೆಲ್ಲಾ ಹೊರಗ ಹಾಕಿ ಇನ್ನೊಮ್ಮೆ ನೋಡೋಣು ಸರ್" ಎಂದು ನಾಯಕ ಹಟ ಹಿಡಿದ.

ಆಗ ಮುತ್ಯಾನ ಹೆಂಡತಿ ಹುಡುಗರಿಗೆಲ್ಲ ಮಜ್ಜಿಗೆ ತಂದಳು. ಹಂಚಿ ಮುಗಿಸಿ, ನನ್ನನ್ನು ಗುಡಿಯ ಗೋಡೆಯ ಮರೆಗೆ ಕರೆದಳು.

"ಮಾಸ್ತರ, ಹುಡುಗರಿಗಿ ಸಾಕು ಅನ್ರಿ. ಬಂದ ನೀರು ಹೊರಗ ಹಾಕಬ್ಯಾಡ್ರಿ. ಇನ್ನೊಂದು ಅಲ್ಲಿ ಇಲ್ಲ."

"ನಿಮಗ ಹ್ಯಾಂಗ ಗೊತ್ತು ಆಯಿ?"

ಆಕೆ ಆಚೆ ಈಚೆ ನೋಡಿ, ಸೆರಗನ್ನು ಬಾಯಿಗೆ ಹಿಡಿದು ಹೇಳಿದಳು:

"ಎರಡೂ ಒಂದ ಕಡೆ ಒಗಿಯುವಷ್ಟು ದಡ್ಡಿ ಏನ್ರಿ ನಾ? ಅದನ್ನ ಜ್ವಾಳ ತುಂಬಿಡೂ ಹಗೇವಿನ ತಳದಾಗ ಹೂಳೀನಿ. ನಿಮ್ಮ ಹುಡುಗರಿಗಿ ಮುಂದಿನ ವರ್ಷ ಹಗೇವು ಸ್ವಚ್ಛ ಮಾಡೂ ಬುದ್ಧಿ ಬರದಂಗ ನೋಡ್ಕೊಳ್ರಿ."